ಓಜೆಲ್ಲಾಳ ಮೊರೆ ರೇಡಿಯೊದಲ್ಲಿ ಬಂದದ್ದು

ಶನಿವಾರ ಮಧ್ಯಾಹ್ನ ಡೊರೇತಾಳ ಬ್ಯೂಟಿ ಪಾರ್ಲರಿನ ರೇಡಿಯೊದಿಂದ ತನ್ನದೇ ದನಿ ಹೊರಬಂದಾಗ ಓಜೆಲ್ಲಾಳ ಗುಂಗುರು ಕೂದಲು ಅರ್ಧ ಮಾತ್ರ ನೇರವಾಗಿತ್ತು. ಡೊರೇತಾಳ ಕೈಯಲ್ಲಿದ್ದ ಕಾದ ಬಾಚಣಿಗೆ ಅವಳ ಕಿವಿಯ ಹತ್ತಿರವೇ ನಿಂತುಬಿಟ್ಟಿತು.

"ಅಯ್ಯೋ ದೇವ್ರೇ, ಇದು ನಿಂದಲ್ವೇನೇ? ನಿನ್ನ ಮಗ ಟೆರಿಲ್‌ನ ಮಣ್ಣು ಮಾಡಿದ ದಿನ ಮೊರೆ ಎತ್ತಿದ್ಯಲ್ಲ, ಅದೇ!"

ಅದೇ. ಮಾತಿಲ್ಲದ, ಬರೀ ಗಂಟಲಿನ ಮೊರೆ. ಹಿಂದೆಯೇ ಡ್ರಮ್ಮು, ತುತ್ತೂರಿ, ಆಮೇಲೆ ಯಾವನೋ ಒಬ್ಬ ತನ್ನ ಹುಡುಗಿಯನ್ನು ವಾಪಸ್ ಬಾ ಎಂದು ಗೋಗರೆಯುತ್ತಿದ್ದ. ಆಚೆ ಕುರ್ಚಿಯ ಹುಡುಗಿಯರು ಭುಜ ಕುಣಿಸತೊಡಗಿದರು. ಓಜೆಲ್ಲಾ ಅವರನ್ನೇ ನೋಡಿದಳು. ತನ್ನ ಮಗನ ಸಾವಿಗೆ ಜನ ಕುಣಿಯುವುದೆ!

ಮೆಂಫಿಸ್‌ನ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ಭಾನುವಾರ ಮಾತ್ರ ಮೌಂಟ್ ನೀಬೋ ಚರ್ಚು. ಅಲ್ಲಿಯವರಿಗೆ ಮೌನ ಎಂದರೆ ಆಗದು. ಪಾದ್ರಿ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಸಾಕು, ಯಾರಾದರೂ ಮೊರೆ ಎತ್ತಬೇಕು, ಮಿಕ್ಕವರು ಸೇರಿಕೊಳ್ಳಬೇಕು. ಎಷ್ಟೋ ವರ್ಷದಿಂದ ಆ ಎತ್ತುವವಳು ಓಜೆಲ್ಲಾ. ಮಗ ಟೆರಿಲ್ ಹೊಳೆಯಲ್ಲಿ ಮುಳುಗಿ ಸತ್ತಾಗ ಶವಪೆಟ್ಟಿಗೆಯ ಮುಂದೆ ಅವಳು ಎತ್ತಿದ್ದು ಹಿಂದೆಂದೂ ಎತ್ತದ ಮೊರೆ. ಅದು ಮುಗಿಯುವ ಮೊದಲೇ ಗಂಡ ಅಮೋಸ್ ಎದ್ದು ಹೊರಗೆ ನಡೆದ. ಮತ್ತೆ ಅವನು ಚರ್ಚಿಗೂ ಬರಲಿಲ್ಲ, ಮಗನ ಹೆಸರನ್ನೂ ಎತ್ತಲಿಲ್ಲ. ಮನೆಯಲ್ಲಿ ಅವಳೂ ಬಾಯಿ ಬಿಡಲಿಲ್ಲ. ಬಿಟ್ಟರೆ ಅವನು ಈ ಮನೆಯಿಂದಲೂ ಎದ್ದು ಹೋದಾನೆಂಬ ಭಯ.

ಈ ವಸಂತದಲ್ಲಿ ಹಳೇ ಐಸ್ ಗೋದಾಮಿನಲ್ಲಿದ್ದ ಸ್ಟುಡಿಯೊದವರು ಹಾಡುಗಾರನ ಹಿಂದೆ ನಿಂತು ದನಿ ಸೇರಿಸಲು ಚರ್ಚಿನ ಹೆಂಗಸರನ್ನು ಕರೆಸಿದ್ದರು. ಟೇಪು ತಿರುಗತೊಡಗಿತು, ಒಳಗೆಲ್ಲ ಗಪ್‌ಚುಪ್. ಅಷ್ಟು ಜನ ಕೂಡಿದ ಕಡೆ ಅಂಥ ಮೌನ! ಅಭ್ಯಾಸಬಲ, ಓಜೆಲ್ಲಾಳ ಗಂಟಲು ತಾನೇ ತೆರೆದುಕೊಂಡಿತು, ಅದೂ ಟೆರಿಲ್‌ನ ಮೊರೆಗೇ. ಡ್ರಮ್ ಬಾರಿಸುವವನೂ ಅದೇ ಚರ್ಚಿನ ಕೂಸು. ಅವನ ಕೈ ಸುಮ್ಮನಿದ್ದೀತೆ? ಹಿಂದೆಯೇ ಹೊಡೆದ. ಹಾಡು ಮುಗಿದ ಮೇಲೆ ಓಜೆಲ್ಲಾ ನಾಚಿ ಬಾಯಿ ಮುಚ್ಚಿಕೊಂಡಳು. "ತಪ್ಪಾಯ್ತು, ಇನ್ನೊಂದ್ಸಲ ಮಾಡೋಣ." ಮಾಡಿದರು, ಅಚ್ಚುಕಟ್ಟಾಗಿ. ಆಸ್ಪತ್ರೆಯಲ್ಲಿ ಕಲೆಯಾದ ಬಟ್ಟೆ ಮತ್ತೆ ಒಗೆಯಲು ಹೋಗುತ್ತದೆ. ಈ ಜನ ಕಲೆಯಾದ ಆ ಮೊದಲ ಸಲದ್ದನ್ನೇ ಪ್ಲೇಟು ಮಾಡಿ ಅಂಗಡಿಗೆ ಕಳಿಸುತ್ತಾರೆಂದು ಪಾಪ, ಅವಳಿಗೇನು ಗೊತ್ತು!

ಅರ್ಧ ಬಾಚಿದ ತಲೆಯಲ್ಲೇ ಪಾರ್ಲರಿನಿಂದ ಎದ್ದು ಸ್ಟುಡಿಯೊಗೆ ನಡೆದಳು. ಅಲ್ಲಿ ಟೇಪು ನಡೆಸುವವನು ಹಲ್ಲು ಬಿಟ್ಟು ಬರಮಾಡಿಕೊಂಡ.

"ಬನ್ನಿ ಬನ್ನಿ! ಆ ಹಾಡಲ್ಲಿ ಜೀವ ಇರೋದೇ ನಿಮ್ಮ ಆ ದನೀಲಿ ನೋಡಿ."

"ಅದು ಹಾಡಲ್ಲಪ್ಪ. ನನ್ನ ಮಗನ ಹೆಣದ ಮುಂದೆ ಅತ್ತಿದ್ದು. ತೆಗೆದುಹಾಕು."

ಅವನು ಎದ್ದು ನಿಂತ. "ನಂಗೆ ಗೊತ್ತಿರ್ಲಿಲ್ಲ ತಾಯಿ. ಪ್ಲೇಟು ಊರೂರಿಗೆ ಹೋಗ್ಬಿಟ್ಟಿದೆ. ಇನ್ನು ತೆಗೆಯೋಕಾಗಲ್ಲ."

ಅಮೋಸ್! ಅವನು ಊಟ ಮಾಡುವ ಹೋಟೆಲಿನಲ್ಲಿ ಇಡೀ ದಿನ ರೇಡಿಯೊ. ಕೇಳಿಬಿಟ್ಟರೆ? ಬಸ್ಸಿಳಿದವಳು ಮನೆಯ ತನಕ ಓಡಿದಳು.

ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಅವಳದೇ ದನಿ. ಧೂಳು ಹಿಡಿದಿದ್ದ ಟೆರಿಲ್‌ನ ಗ್ರಾಮಫೋನಿನ ಮುಂದೆ ಅಮೋಸ್ ನೆಲದ ಮೇಲೆ ಕೂತಿದ್ದ. ಮುಳ್ಳು ಇಡುತ್ತಿದ್ದ, ಮೊರೆ ಕೇಳುತ್ತಿದ್ದ, ಡ್ರಮ್ಮು ಬಿದ್ದೊಡನೆ ಮುಳ್ಳೆತ್ತಿ ಮತ್ತೆ ಮೊದಲಿಗೆ ಇಡುತ್ತಿದ್ದ. ಪ್ಲೇಟು ಹೊಚ್ಚ ಹೊಸದು. ಅವನೇ ಕೊಂಡು ತಂದಿದ್ದ.

"ಅಮೋಸ್..."

ಅವನು ತಿರುಗಲಿಲ್ಲ. "ಅವತ್ತು ಪೂರ್ತಿ ಕೇಳಿಸ್ಕೊಳ್ಳೋ ಧೈರ್ಯ ಬರ್ಲಿಲ್ಲ ಕಣೇ, ಎದ್ದು ಹೋಗ್ಬಿಟ್ಟೆ. ಇದ್ರಲ್ಲಿ ನೋಡಿದ್ರೆ ಈ ಹಾಳಾದೋನು ಅರ್ಧಕ್ಕೇ ಡ್ರಮ್ ಬಡೀತಾನೆ."

ಪ್ಲೇಟು ನಿಲ್ಲಿಸಿದ. ಮನೆ ಗಪ್ಪಾಯಿತು.

"ಟೆರಿಲ್‌ಗೆ ಎತ್ತಿದ್ದು ಮುಂದೆ ಹೇಗಿತ್ತು, ಓಜೆಲ್ಲಾ?"

ಓಜೆಲ್ಲಾ ಅರ್ಧ ಬಾಚಿದ ತಲೆಯಲ್ಲೇ ಅವನ ಪಕ್ಕ ನೆಲದ ಮೇಲೆ ಕೂತು ಬಾಯಿ ತೆರೆದಳು.