ಅತ್ತೆಯನ್ನು ಹತ್ತಿಸದ ಲಿಫ್ಟು

ಲಿಫ್ಟ್ ರಿಪೇರಿ ಮುಗಿದ ಮೇಲೆ ಈ ಮೆಕ್ಯಾನಿಕ್ ಮನೆಗೆ ಫೋನ್ ಮಾಡಿ ಅತ್ತೆಯನ್ನು ಕರೆಸಿಕೊಳ್ಳುತ್ತಾರೆ. ಹೆಂಡತಿಯ ತಾಯಿ ಬಸ್ಸು ಹಿಡಿದು ಬರುತ್ತಾರೆ. ಅಳಿಯನ ಜೊತೆ ಲಿಫ್ಟ್ ಹತ್ತಿ, ಕೊನೆಯ ಮಹಡಿಯವರೆಗೆ ಹೋಗಿ ಇಳಿದು ಬರುತ್ತಾರೆ. ಪ್ರಮಾಣಪತ್ರಕ್ಕೆ ಸಹಿ ಬೀಳುವುದು ಆಮೇಲೆಯೇ. ನಿಯಮಗಳ ಪುಸ್ತಕದಲ್ಲಿ ಭಾರದ ಪರೀಕ್ಷೆಗೆ ಮರಳಿನ ಮೂಟೆಗಳಿವೆ, ಅತ್ತೆ ಇಲ್ಲ. ಇಪ್ಪತ್ತೆರಡು ವರ್ಷಗಳಿಂದ ಮೂಟೆಗಳ ನಂತರ ಅತ್ತೆ ಹತ್ತುತ್ತಿದ್ದಾರೆ.

ಜೊತೆಗಾರರು ಸುಮ್ಮನಿರುತ್ತಾರೆಯೇ? "ಇಷ್ಟು ವರ್ಷದಿಂದ ಪ್ರಯತ್ನ ಪಡ್ತಿದೀಯ, ಒಂದು ಹಗ್ಗಾನಾದ್ರೂ ಕಡೀಬಾರದೇನಪ್ಪ!"

"ಮೂಟೆ ಬಿದ್ರೆ ಯಾರೂ ಅಳಲ್ಲ. ಇವರು ಬಿದ್ರೆ ನಾನು ಮನೆಗೆ ಹೋಗೋ ಹಾಗಿಲ್ಲ," ಎನ್ನುತ್ತಾರೆ ಮೆಕ್ಯಾನಿಕ್, ನಗದೆ.

ಒಮ್ಮೆ ಮಾತ್ರ ಅವರು ಅತ್ತೆಯನ್ನು ಕರೆಯದೆ ಸಹಿ ಹಾಕಿದರು.

ಅದು ಮೂರು ಮಹಡಿಯ ಕಣ್ಣಿನ ಆಸ್ಪತ್ರೆ. ಶಸ್ತ್ರಚಿಕಿತ್ಸೆ ಮೂರನೆಯ ಮಹಡಿಯಲ್ಲಿ. ಲಿಫ್ಟಿನ ಬ್ರೇಕ್ ಸವೆದಿತ್ತು. ಮೂಟೆಗಳನ್ನು ಹೊತ್ತು ಹತ್ತು ಸಲ ಸರಿಯಾಗಿ ನಿಂತರೆ, ಹನ್ನೊಂದನೆಯ ಸಲ ನೆಲಕ್ಕಿಂತ ಮೂರು ಬೆರಳು ಕೆಳಗೆ ನಿಲ್ಲುತ್ತಿತ್ತು. ಹೊಸ ಭಾಗ ಬರಲು ಇನ್ನೊಂದು ವಾರ ಬೇಕಿತ್ತು. ಆಸ್ಪತ್ರೆ ಅಂದೇ ಮಧ್ಯಾಹ್ನ ಮೂರು ಗಂಟೆಗೆ ತೆರೆಯಲಿತ್ತು.

"ಮೂರು ಬೆರಳು ತಾನೇ? ಸಹಿ ಹಾಕ್ರೀ," ಎಂದರು ಮೆಕ್ಯಾನಿಕ್ ಕೆಲಸ ಮಾಡುವ ಲಿಫ್ಟ್ ಕಂಪನಿಯ ಯಜಮಾನರು.

ಮೆಕ್ಯಾನಿಕ್ ಸಹಿ ಹಾಕಿ ಊಟಕ್ಕೆ ಮನೆಗೆ ಹೋದರು.

ಬಾಗಿಲ ಬಳಿ ಅತ್ತೆ ಚಪ್ಪಲಿ ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಬೆಳಿಗ್ಗೆಯಿಂದ ಕಾಯ್ತಿದೀನಿ. ಫೋನೇ ಬರಲಿಲ್ಲ?"

"ಇವತ್ತು ಬೇಡ ಅತ್ತೆ."

"ಕೆಲಸ ಮುಗೀಲಿಲ್ವೇ?"

"ಮುಗೀತು. ಸಹಿನೂ ಆಯ್ತು."

"ಮತ್ತೆ ನಡೀರಿ, ಹೋಗಿ ಬರೋಣ."

"ಬೇಡ ಅಂದ್ನಲ್ಲ. ನಿಮಗೆ ಮೊದಲೇ ಮಂಡಿನೋವು. ಎಡವಿಗಿಡವಿ ಬಿದ್ರೆ?"

ಅತ್ತೆ ಒಂದು ಚಪ್ಪಲಿ ಬಿಚ್ಚಿದವರು ಅಲ್ಲಿಗೇ ನಿಲ್ಲಿಸಿದರು.

"ಅಲ್ರೀ, ಕಣ್ಣಿರೋಳು ನಾನೇ ಎಡವ್ತೀನಿ ಅಂತೀರಿ. ಅಲ್ಲಿ ಕಣ್ಣಿಗೆ ಪಟ್ಟಿ ಕಟ್ಕೊಂಡು ಇಳಿಯೋರು ಯಾರ ಮನೆ ಅತ್ತೆಯಂದ್ರು?"

ಅಡುಗೆಮನೆಯಿಂದ ಹೆಂಡತಿ ಇಣುಕಿದರು. "ಅಮ್ಮಾ, ಊಟ ಮಾಡೋಕಾದ್ರೂ ಬಿಡು ಅವರನ್ನ."

"ಮಾಡ್ಲಿ. ನಾನೇನು ತಟ್ಟೆ ಕಿತ್ಕೊಂಡ್ನಾ?"

ಮೆಕ್ಯಾನಿಕ್ ಊಟ ಮುಗಿಸಿದರು. ಎರಡನೇ ಸಲ ಬಡಿಸಿಕೊಂಡದ್ದನ್ನೂ ಅವರೇ ಹೇಳುತ್ತಾರೆ, ಏಕೆಂದರೆ ಅವರ ವಾದವೆಲ್ಲ ಅದರ ಮೇಲೆಯೇ ನಿಂತಿದೆ. "ಮನಸ್ಸಾಕ್ಷಿ ಚುಚ್ಚುತ್ತೆ ಅಂತಾರೆ. ನನಗೆ ಚುಚ್ಚಲೇ ಇಲ್ಲ. ಹಸಿವು ಚೆನ್ನಾಗಿತ್ತು. ಅದನ್ನೇ ನಂಬ್ಕೊಂಡು ಕೂತಿದ್ರೆ ಊಟ ಆದ್ಮೇಲೆ ನಿದ್ದೇನೂ ಬರ್ತಿತ್ತು. ಒಳಗಿನದು ಮಲಗಿದ್ದಾಗ ಹೊರಗೆ ಒಂದು ಕಟ್ಟುಪಾಡು ಇರಬೇಕು. ನನ್ನದು ಅತ್ತೆ."

ಎರಡೂವರೆಗೆ ಅವರು ಆಸ್ಪತ್ರೆಯ ತಾರಸಿಯ ಮೇಲಿನ ಯಂತ್ರದ ಕೋಣೆಯಲ್ಲಿ ಲಿಫ್ಟಿನ ಮುಖ್ಯ ಸ್ವಿಚ್ಚು ಆರಿಸಿ, ಬೀಗ ಹಾಕಿ, ಕೀಲಿ ಜೇಬಿಗಿಳಿಸಿದರು. ಯಜಮಾನರು ಮೆಟ್ಟಿಲು ಹತ್ತಿ ಬಂದರು, ಲಿಫ್ಟು ನಿಂತಿತ್ತಲ್ಲ.

"ಏನ್ರೀ, ತಲೆ ಕೆಟ್ಟಿದೆಯೇನ್ರೀ? ಬೆಳಿಗ್ಗೆ ಸರಿ ಇದ್ದ ಲಿಫ್ಟು ಊಟದ ಹೊತ್ತಿಗೆ ಕೆಟ್ಟೋಯ್ತಾ?"

"ಲಿಫ್ಟು ಬೆಳಿಗ್ಗೆ ಹೇಗಿತ್ತೋ ಹಾಗೇ ಇದೆ ಸರ್. ಸಹಿ ಕೆಟ್ಟಿತ್ತು."

"ಸಹಿ ವಾಪಸ್ ತಗೊಂಡ್ರೆ ನಿಮ್ಮ ಪರವಾನಗಿ ಹೋಗುತ್ತೆ. ನಾನೇ ಬರೆದು ಕಳಿಸ್ತೀನಿ. ಆಮೇಲೆ ಜೀವನಪೂರ್ತಿ ಎಣ್ಣೆ ಡಬ್ಬ ಹಿಡ್ಕೊಂಡು ಬೇರೆಯವರ ಹಿಂದೆ ಓಡಾಡ್ತೀರಿ."

"ಗೊತ್ತು ಸರ್. ಲಿಫ್ಟಿನ ದಾಖಲೆ ಪುಸ್ತಕ ಕೊಡಿ."

ಪುಸ್ತಕದಲ್ಲಿ ಅವರು ಬರೆದದ್ದು ಒಂದೇ ಸಾಲು: 'ಬೆಳಿಗ್ಗೆ ಬ್ರೇಕ್ ಸವೆದಿದ್ದು ಗೊತ್ತಿದ್ದೇ ಸಹಿ ಹಾಕಿದೆ, ಲಿಫ್ಟ್ ಬಳಸಬಾರದು.' 'ಗೊತ್ತಿದ್ದೇ' ಎಂಬುದನ್ನು ಬಿಟ್ಟಿದ್ದರೆ ಪರವಾನಗಿ ಅಷ್ಟು ಕಾಲ ಅಮಾನತಾಗುತ್ತಿರಲಿಲ್ಲ ಎಂದು ಜೊತೆಗಾರರು ಈಗಲೂ ಬೈಯುತ್ತಾರೆ.

ಆಸ್ಪತ್ರೆ ಮೂರಕ್ಕೇ ತೆರೆಯಿತು. ರೋಗಿಗಳು ಮೆಟ್ಟಿಲು ಹತ್ತಿದರು. ಹತ್ತಲಾಗದ ನಾಲ್ವರನ್ನು ಮೆಕ್ಯಾನಿಕ್ ಮತ್ತು ವಾರ್ಡಿನ ಆಯಾ ಕುರ್ಚಿಯ ಸಮೇತ ಎತ್ತಿಕೊಂಡು ಹೋದರು. ಅವರಲ್ಲೊಬ್ಬ ಅಜ್ಜ ದಾರಿಯುದ್ದಕ್ಕೂ, ಲಿಫ್ಟ್ ಕೆಡಿಸಿದವನ ಕೈ ಸೇದಿಹೋಗಲಿ ಎಂದು ಶಪಿಸುತ್ತಿದ್ದರು. ಮೆಕ್ಯಾನಿಕ್ ಹೂಂಗುಟ್ಟುತ್ತ, ಕುರ್ಚಿ ವಾಲದಂತೆ ಹಿಡಿದು, ಮೂರನೆಯ ಮಹಡಿಯಲ್ಲಿ ಇಳಿಸಿದರು.