ಅಣ್ಣನ ಪಿಕಪ್ಪಿನ ಆಯಿಲ್ ಚೇಂಬರು

ಹೋದ ಭಾನುವಾರ ಬೆಳಿಗ್ಗೆ ನೀರಿನ ಕ್ಯಾನು ಹಾಕುವ ಗೂಡ್ಸ್ ಆಟೋ ನಮ್ಮ ಮನೆ ಮುಂದೆ ಸ್ವಲ್ಪ ಹೊತ್ತು ನಿಂತು ಹೊರಟಿತು. ಅದು ಹೋದ ಮೇಲೂ ಗೇಟಿನ ಹತ್ತಿರ ಸುಟ್ಟ ಎಂಜಿನ್ ಎಣ್ಣೆಯ ವಾಸನೆ ಉಳಿದಿತ್ತು. ಸೊಸೆ ಮೂಗಿಗೆ ಸೆರಗು ಹಿಡಿದು ಒಳಗೆ ಹೋದಳು. ನಾನು ಅಲ್ಲೇ ನಿಂತೆ. ಮಲ್ಲಿಗೆ ಮೂಸಿದರೆ ಕೆಲವರಿಗೆ ತವರು ನೆನಪಾಗುತ್ತದಂತೆ. ನನಗೆ ಕರಿ ಎಣ್ಣೆ ಮೂಸಿದರೆ ನೆನಪಾಗುತ್ತದೆ. ನಗಬೇಡಿ. ಹಿಂದೊಮ್ಮೆ ಅದೇ ಎಣ್ಣೆಯ ವಿಷಯದಲ್ಲಿ ನಾನೊಂದು ಸುಳ್ಳು ಹೇಳಿದ್ದೆ. ಅದರ ಹೊರೆ ಹೊತ್ತವನು ನನ್ನ ತಮ್ಮ ನಾಗು.

ಎಪ್ಪತ್ತರ ದಶಕದ ಮಾತು. ನನಗಿನ್ನೂ ಮದುವೆಯಾಗಿರಲಿಲ್ಲ, ವಿಜಯನಗರದಲ್ಲಿ ಅಣ್ಣನ ಮನೆಯಲ್ಲೇ ಇದ್ದೆ. ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದವು. ರಸ್ತೆಗೆ ಮೊದಲೇ ಕಲ್ಲು ಕಟ್ಟಿದ ಮೋರಿ ಬಂದಿತ್ತು, ಅದರಲ್ಲಿ ಹರಿಯುವ ನೀರು ಇನ್ನೂ ಬಂದಿರಲಿಲ್ಲ. ಅಣ್ಣನ ಹತ್ತಿರ ಒಂದು ಹಳೇ ಪಿಕಪ್ ವ್ಯಾನಿತ್ತು. ಹುಟ್ಟಿದ್ದು ಪೆಟ್ರೋಲ್ ಗಾಡಿಯಾಗಿ. ಆಮೇಲೆ ಯಾರೋ ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಮುದುಕನಿಗೆ ಪೈಲ್ವಾನನ ಎದೆ ಜೋಡಿಸಿದ ಹಾಗೆ, ಸ್ಟಾರ್ಟ್ ಮಾಡಿದರೆ ಮೈಯೆಲ್ಲ ನಡುಗುತ್ತಿತ್ತು. ಮದುವೆ ಮನೆಗಳಿಗೆ ಶಾಮಿಯಾನ, ಕೊಪ್ಪರಿಗೆ, ಬಾಣಲೆ, ಸೌಟು ಸಾಗಿಸುವುದು ಅಣ್ಣನ ಕೆಲಸ. ನಮ್ಮ ಬೀದಿಯ ಮಕ್ಕಳು ಗಾಡಿಯ ಸದ್ದು ಕೇಳಿಯೇ ಒಳಗೆ ಎಷ್ಟು ಪಾತ್ರೆಯಿದೆ ಎಂದು ಬಾಜಿ ಕಟ್ಟುತ್ತಿದ್ದರು.

ಆ ಎಂಜಿನ್ನಿನ ಹೊಟ್ಟೆಯ ಕೆಳಗೆ ಎಣ್ಣೆ ನಿಲ್ಲುವ ತಗಡಿನ ತೊಟ್ಟಿ ಇರುತ್ತದಲ್ಲ, ಆಯಿಲ್ ಚೇಂಬರು, ಅದು ತುಕ್ಕು ಹಿಡಿದು ಸೋರತೊಡಗಿತು. ಎಣ್ಣೆ ಅಳೆಯುವ ಕಡ್ಡಿ ಎಂದೋ ಮುರಿದುಹೋಗಿತ್ತು. ಹೊಸ ಚೇಂಬರು ಆ ಎಂಜಿನ್ನಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ನಾಗು ಆಗ ಮಾರೇನಹಳ್ಳಿಯ ಒಂದು ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಕಲಿತು, ಅಲ್ಲೇ ಉಳಿದುಕೊಂಡು, ಸ್ವಂತಕ್ಕೆ ಅಂಗಡಿ ಹಾಕುವ ಯೋಚನೆಯಲ್ಲಿದ್ದ. ಕರಿ ಕನ್ನಡಕ ಹಾಕಿಕೊಂಡು ಬೆಂಕಿ ಹಿಡಿದು ಕೂತರೆ ಅವನ ಗತ್ತು ನೋಡಬೇಕಿತ್ತು. ಚೇಂಬರನ್ನು ಕಳಚಿ ಒಯ್ದು ತೂತಿಗೆ ಹಿತ್ತಾಳೆ ಬೆಸುಗೆ ಹಾಕಿ ತಂದ. ಅದು ಯಾರ ಮೇಲ್ವಿಚಾರಣೆಯೂ ಇಲ್ಲದೆ ಅವನು ಮಾಡಿದ ಮೊದಲ ಕೆಲಸ. ಗಾಡಿಗೆ ಜೋಡಿಸಿ, ನಾನು ಕೊಟ್ಟ ಕಾಫಿ ಕುಡಿಯುತ್ತಾ ಅಣ್ಣನಿಗೆ ಹೇಳಿದ: "ಇದು ತೇಪೆ ಅಷ್ಟೇ ಅಣ್ಣ. ಸುತ್ತ ತಗಡೆಲ್ಲ ತುಕ್ಕು. ದಿನಾ ಬೆಳಗ್ಗೆ ನೆಲ ನೋಡು. ಒಂದು ತೊಟ್ಟು ಕಂಡ್ರೂ ಗಾಡಿ ಎತ್ತಬೇಡ, ನನ್ನ ಕರಿ."

ಈ ಮಾತು ನನ್ನ ಕಿವಿಗೂ ಬಿದ್ದಿತ್ತು. ಬಿದ್ದಿರಲಿಲ್ಲ ಎಂದು ಬರೆದರೆ ಇದನ್ನು ಬರೆಯುವುದೇ ದಂಡ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರಕ್ಕಿಂತ ಚುಕ್ಕಿ ನನ್ನ ಕೈಗೆ ಚೆನ್ನಾಗಿ ಒಲಿದಿತ್ತು. ಬಾಗಿಲಲ್ಲಿ ನಾನು ಹಾಕಿದ ರಂಗೋಲಿಯನ್ನು ದಾರಿಹೋಕರು ನಿಂತು ನೋಡಿದರೆ, ನನಗೆ ಡಿಗ್ರಿ ಕೊಟ್ಟಷ್ಟು ಖುಷಿ. ಎದುರು ಮನೆಯ ಮೇಷ್ಟ್ರ ಹೆಂಡತಿ ಮಾತ್ರ ಗಾಡಿಯ ಕೆಳಗಿನ ಕಪ್ಪು ಕಲೆಯನ್ನೇ ನೋಡುತ್ತಿದ್ದರು. ಇದೇನಮ್ಮ, ಮನೆ ಮುಂದೆ ಗ್ಯಾರೇಜು ಇಟ್ಟಿದ್ದೀರಾ ಎಂದು ಒಂದು ದಿನ ಕೇಳಿಯೂ ಬಿಟ್ಟಿದ್ದರು. ಬೆಸುಗೆ ಹಾಕಿದ ಮೇಲೆ ಕೆಲವು ದಿನ ಅಂಗಳ ಸ್ವಚ್ಛವಾಗಿತ್ತು. ಆಮೇಲೊಂದು ಬೆಳಿಗ್ಗೆ ನೋಡಿದರೆ ಪುಟ್ಟ ಕಪ್ಪು ಬೊಟ್ಟು. ನೀರು ಚೆಲ್ಲಿದರೆ ಎಣ್ಣೆ ತೇಲಿ ಅಂಗಳವೆಲ್ಲ ಹರಡುತ್ತದೆ, ರಂಗೋಲಿ ಕೂರುವುದಿಲ್ಲ. ಹಾಗಾಗಿ ಮೊದಲು ಬೂದಿ ಹಾಕಿ, ತೆಂಗಿನ ನಾರಿನಿಂದ ಉಜ್ಜಿ, ಸೋಡಾಪುಡಿ ನೀರಲ್ಲಿ ತೊಳೆದೆ. ಎರಡು ತೊಟ್ಟಿಗೆಲ್ಲ ಅಣ್ಣನನ್ನು ಎಬ್ಬಿಸುವುದೇಕೆ ಅಂದುಕೊಂಡೆ. ಮಾರನೇ ದಿನ ಬೊಟ್ಟು ದೊಡ್ಡದಾಗಿತ್ತು. ನಿನ್ನೆ ಹೇಳದ್ದನ್ನು ಇವತ್ತು ಹೇಗೆ ಹೇಳುವುದು ಎಂದು ಅದನ್ನೂ ಉಜ್ಜಿದೆ. ಅಣ್ಣ ಎದ್ದು ಬಂದು, ಬಗ್ಗಿ ನೋಡಿ, ನಾಗುವಿನ ಕೈಯನ್ನು ಹೊಗಳಿಕೊಂಡೇ ಗಾಡಿ ಎತ್ತುತ್ತಿದ್ದ. ಅವನು ಹೊಗಳಿದಷ್ಟೂ ನನ್ನ ಬಾಯಿ ಕಟ್ಟುತ್ತಿತ್ತು.

ಕೆಂಗೇರಿಯಲ್ಲಿ ಒಂದು ಮದುವೆ. ಅಡಿಗೆ ಪಾತ್ರೆಯೆಲ್ಲ ಹೇರಿಕೊಂಡು ಹೋಗುತ್ತಿದ್ದಾಗ ಮೈಸೂರು ರಸ್ತೆಯಲ್ಲಿ ಎಣ್ಣೆಯೆಲ್ಲ ಸೋರಿಹೋಗಿ ಎಂಜಿನ್ನು ಕಟಕಟ ಎಂದಿತು. ಪಾತ್ರೆಗಳ ಗಲಾಟೆಯಲ್ಲಿ ಅಣ್ಣನಿಗೆ ಅದು ಕೇಳಿಸಲಿಲ್ಲ. ಹಿಂದೆ ಬರುತ್ತಿದ್ದ ಸೈಕಲ್ಲಿನವನೊಬ್ಬ ಕೂಗಿ ಹೇಳಿದ್ದರಿಂದ ಆಫ್ ಮಾಡಿದ, ಎಂಜಿನ್ನು ಬದುಕಿತು. ಕೊಪ್ಪರಿಗೆಗಳು ಎತ್ತಿನಗಾಡಿ ಏರಿದವು. ಗಂಡಿನ ಕಡೆಯವರು ಹಸಿದುಕೊಂಡು ಸಾರಿಗಾಗಿ ಕಾದರಂತೆ. ಸಾರು ಬರುವಷ್ಟರಲ್ಲಿ ಪಾಯಸ ಬಡಿಸಿ ಸಮಾಧಾನ ಮಾಡಿದರಂತೆ. ಈ ಕಡೆ ಲಾರಿಯೊಂದು ಹಗ್ಗ ಕಟ್ಟಿ ನಮ್ಮ ಗಾಡಿಯನ್ನು ಎಳೆತರುವಾಗ ಚೇಂಬರು ಕಲ್ಲಿಗೆ ಬಡಿದು ತಳವೇ ಹರಿದುಹೋಯಿತು. ಮೊದಲು ತೂತು ಎಲ್ಲಿ ಬಿತ್ತೆಂದು ಹೇಳುವ ಹಾಗೇ ಉಳಿಯಲಿಲ್ಲ.

ಅಂಗಳದಲ್ಲೇ ಪಂಚಾಯಿತಿ ನಡೆಯಿತು. ಬೆಸುಗೆ ಕೈಕೊಟ್ಟಿತೆಂದು ಅಣ್ಣ. ಅದು ಹಾಗೆ ಏಕಾಏಕಿ ಕಿತ್ತುಬರುವುದಿಲ್ಲ, ಮೊದಲು ತೊಟ್ಟಿಕ್ಕಲೇಬೇಕು, ನೀನೇ ನೋಡಿಲ್ಲವೆಂದು ನಾಗು.

"ದಿನಾ ಬಗ್ಗಿ ನೋಡಿದೀನಿ ಕಣೋ. ಇವಳನ್ನೇ ಕೇಳು, ಬಾಗಿಲಿಗೆ ನೀರು ಹಾಕೋಳು ಇವಳು," ಎಂದ ಅಣ್ಣ.

ನಾಗು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಎಷ್ಟು ನಂಬಿಕೆಯಿತ್ತೆಂದರೆ, ಅಕ್ಕ ಬಾಯಿ ಬಿಟ್ಟರೆ ಕೇಸು ಗೆದ್ದ ಹಾಗೇ ಎಂಬಂತಿತ್ತು.

"ಇಲ್ಲಪ್ಪ, ಒಂದು ತೊಟ್ಟೂ ಕಾಣ್ಲಿಲ್ಲ," ಎಂದೆ.

ಅಣ್ಣ ಎಲ್ಲಿಂದಲೋ ಗುಜರಿಯಿಂದ ಅದೇ ಜಾತಿಯ ಬೇರೆ ಚೇಂಬರು ಹುಡುಕಿ ತಂದ. ಬದಲಾಯಿಸಿದ್ದು ನಾಗುವೇ, ಬೇರೆಯವರು ಮುಟ್ಟಲು ಬಿಡಲಿಲ್ಲ. ಒಣಗಿದ ಮೋರಿಯ ಮೇಲೆ ಗಾಡಿ ನಿಲ್ಲುವಂತೆ ತಳ್ಳಿಸಿ, ಚಕ್ರಕ್ಕೆ ಸೈಜುಗಲ್ಲು ಕೊಟ್ಟು, ತಾನು ಮೋರಿಯೊಳಗೆ ಮಲಗಿದ. ಚೇಂಬರಿನ ಸುತ್ತ ಇರುವ ಬೋಲ್ಟುಗಳೆಲ್ಲ ಒಂದೇ ಉದ್ದ ಇರಲಿಲ್ಲ. ಯಾವುದು ಎಲ್ಲಿಯದೆಂದು ಮರೆಯದಿರಲು ನೆಲದ ಮೇಲೆ ಗುರುತು ಬೇಕಿತ್ತು. ಸೀಮೆಸುಣ್ಣ ಕೇಳಿದ. ಮನೆಯಲ್ಲಿರಲಿಲ್ಲ. ನಾನು ರಂಗೋಲಿ ಬಟ್ಟಲು ತಂದು ಮೋರಿ ಪಕ್ಕದ ಚಪ್ಪಡಿಯ ಮೇಲೆ ಚೇಂಬರಿನ ಆಕಾರ ಬರೆದು, ಬೋಲ್ಟಿಗೊಂದು ಚುಕ್ಕಿ ಇಟ್ಟೆ. ಅವನು ಬಿಚ್ಚಿ ಬಿಚ್ಚಿ ಮೇಲೆ ಕೊಡುವುದು, ನಾನು ಅದರದರ ಚುಕ್ಕಿಯ ಮೇಲೆ ಕೂರಿಸುವುದು. ಮೇಷ್ಟ್ರ ಹೆಂಡತಿ ಬಂದು ಬಹಳ ಹೊತ್ತು ನೋಡಿ, ಇದು ಯಾವ ಹಬ್ಬದ ರಂಗೋಲಿ ಎಂದು ಕೇಳಿದರು. ಮೋರಿಯೊಳಗಿಂದ ನಾಗು, "ಆಯುಧಪೂಜೆದು ಆಂಟಿ, ಈ ಸಲ ಬೇಗ ಬಂದಿದೆ," ಎಂದ. ನಾನು ನಗು ತಡೆಯಲಾಗದೆ ಎರಡು ಬೋಲ್ಟು ಅದಲುಬದಲು ಮಾಡಿಬಿಟ್ಟೆ.

ಕಾರ್ಕಿನ ಹಾಳೆಯನ್ನು ಚೇಂಬರಿನ ಬಾಯಿಯ ಮೇಲಿಟ್ಟು, ಅಂಚಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ, ಎಣ್ಣೆ ಸೋರದಂತೆ ನಡುವೆ ಕೂರಿಸುವ ಪ್ಯಾಕಿಂಗ್ ಕತ್ತರಿಸಿಕೊಂಡ. ರೊಟ್ಟಿ ತಟ್ಟಿದ ಹಾಗೆ ಸದ್ದು. ಒಂದು ಬೋಲ್ಟು ಈ ಕಡೆ, ಒಂದು ಆ ಕಡೆ, ಎಲ್ಲವನ್ನೂ ಸಮನಾಗಿ ಬಿಗಿದ. ಆ ಚೇಂಬರು ಗಾಡಿ ಮಾರುವ ತನಕ ಒಂದು ಹನಿಯನ್ನೂ ಬಿಡಲಿಲ್ಲ. ಇದಕ್ಕೆ ನೀನು ಬೆಸುಗೆ ಹಾಕಿಲ್ಲವಲ್ಲ, ಅದಕ್ಕೇ ಎಂದ ಅಣ್ಣ. ನಗುನಗುತ್ತಲೇ ಅಂದದ್ದು. ನಾಗುವೂ ನಕ್ಕ. ಆದರೆ ಅಂಗಡಿಯ ಯೋಚನೆ ಬಿಟ್ಟು ರಾಜಾಜಿನಗರದ ಒಂದು ಕಾರ್ಖಾನೆಯ ಸ್ಟೋರಿಗೆ ಸೇರಿಕೊಂಡ. ಮತ್ತೆ ಬೆಂಕಿ ಹಿಡಿಯಲಿಲ್ಲ. ಬಕೆಟ್ಟಿನ ಹಿಡಿ ಮುರಿದರೂ ನಾಗು ಚಿಕ್ಕಪ್ಪನ ಕೈಗೆ ಕೊಡಬೇಡಿ ಎಂಬುದು ನಮ್ಮ ಮನೆಗಳಲ್ಲಿ ಮಾತೇ ಆಗಿಹೋಯಿತು. ಅವನ ಮಗಳೂ ಅದನ್ನು ಹೇಳಿ ನಗುತ್ತಾಳೆ. ಪ್ರತಿ ಸಲವೂ ನಾನು ಒಳಗೆ ಹೋಗಿ ಯಾವುದಾದರೂ ಡಬ್ಬಿ ಹುಡುಕುತ್ತೇನೆ.

ಗೂಡ್ಸ್ ಆಟೋ ಬಂದುಹೋದ ಆ ಭಾನುವಾರವೇ ಇಬ್ಬರೂ ಊಟಕ್ಕೆ ಬಂದಿದ್ದರು. ಅಣ್ಣ ಕೆಂಗೇರಿ ಉಪನಗರದಿಂದ, ನಾಗು ಪಕ್ಕದ ರಸ್ತೆಯಿಂದ. ಬರುವಾಗ ಗೇಟಿನ ಚಿಲಕ ಅಲ್ಲಾಡುತ್ತಿದ್ದುದನ್ನು ನೋಡಿದ್ದ ನಾಗು ಊಟದ ನಡುವೆ ಅದರ ಬಗ್ಗೆ ಏನೋ ಹೇಳಹೊರಟ. ನೀನು ಮಾತ್ರ ಮುಟ್ಟಬೇಡಪ್ಪ ಎಂದು ಅಣ್ಣ ಶುರುಮಾಡಿದ. ಎಲ್ಲರೂ ನಕ್ಕರು. ಈ ಸಲ ನಾನು ಒಳಗೆ ಹೋಗಲಿಲ್ಲ.

"ಅಣ್ಣ, ಆವತ್ತು ನಾನು ಸುಳ್ಳು ಹೇಳಿದ್ದೆ. ನೆಲದ ಮೇಲೆ ಎಣ್ಣೆ ಇತ್ತು. ನೀನು ಏಳೋ ಮುಂಚೆ ನಾನೇ ಉಜ್ಜಿ ತೊಳೀತಿದ್ದೆ."

ಅಣ್ಣನ ಕೈ ಮಜ್ಜಿಗೆ ಅನ್ನದಲ್ಲೇ ನಿಂತಿತು. ನಾಗು ನನ್ನನ್ನು ಬೈಯುತ್ತಾನೆಂದು ಕಾದೆ. ಅವನು ಕೇಳಿದ್ದೇ ಬೇರೆ.

"ಎಣ್ಣೆ ಎಲ್ಲಿ ಬೀಳ್ತಿತ್ತಕ್ಕ? ಗಾಡಿ ಮೂತಿ ಕಡೆನಾ, ಒಳಗಡೆನಾ?"

ಉಜ್ಜಿದ ಕೈಗೆ ಜಾಗ ಮರೆಯುತ್ತದೆಯೇ? ಮೂತಿಯ ಕಡೆಯಿಂದ ಬಗ್ಗಿ ತೋಳನ್ನು ಭುಜದವರೆಗೂ ತೂರಿಸಬೇಕಿತ್ತು, ಕೆನ್ನೆ ಬಂಪರಿಗೆ ಒತ್ತುತ್ತಿತ್ತು ಎಂದೆ.

"ಅಷ್ಟು ಒಳಗಾ? ನನ್ನ ಬೆಸುಗೆ ಇದ್ದಿದ್ದು ಮುಂದ್ಗಡೆ ಅಂಚಲ್ಲಿ. ಮೊಣಕೈ ತನಕ ಹಾಕಿದ್ರೆ ಸಿಗ್ತಿತ್ತು. ಹಂಗಾದ್ರೆ ಬೇರೆ ಕಡೆ ತೂತು ಬಿದ್ದಿದ್ದು. ನಂದು ನಿಂತಿತ್ತು."

ಗಾಡಿ ನಿಲ್ಲುತ್ತಿದ್ದದ್ದು ಹಾಗಲ್ಲ, ಹೀಗೆ ಎಂದು ಅಣ್ಣ ಎಂಜಲು ಕೈಯಲ್ಲೇ ತೋರಿಸಹೋದ. ಹೇಳುತ್ತ ಹೇಳುತ್ತ ಅವನ ದನಿ ತಾನಾಗಿಯೇ ಇಳಿಯಿತು. ಕೊನೆಗೆ, "ಮೂತಿ ಬಾಗಿಲ ಕಡೆಗೇ ಇರ್ತಿತ್ತು ಬಿಡು. ಅವನು ಹೇಳೋದು ಸರಿ," ಎಂದ.

ನಾಗು ಎದ್ದು ಕೈ ತೊಳೆದು ಬಂದು ಮಗಳಿಗೆ ಫೋನು ಮಾಡಿದ. "ಅಪ್ಪನ ಬೆಸುಗೆ ಸೋರಿರ್ಲಿಲ್ವಂತೆ ಕಣಮ್ಮ," ಎಂದು ಮೊದಲಿಂದ ಹೇಳತೊಡಗಿದ. ಪಕ್ಕದಿಂದ ಅಣ್ಣ, ತುಕ್ಕಿನ ವಿಷಯ ಬಿಟ್ಟೆ, ಅದನ್ನೂ ಹೇಳು ಎಂದು ಜ್ಞಾಪಿಸಿದ. ನನ್ನನ್ನು ಬೈಯುವುದು ಇಬ್ಬರಿಗೂ ಮರೆತೇಹೋಗಿತ್ತು. ಬೈಸಿಕೊಳ್ಳಲು ತಯಾರಾಗಿ ನಾನು ಅಡಿಗೆಮನೆ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ. ಅವರಿಬ್ಬರ ಮಾತಿನ ನಡುವೆ ನನಗೆ ಜಾಗವೇ ಸಿಗಲಿಲ್ಲ.