ತಿಜೋರಿಗೆ ಇಟ್ಟ ಒಡಪು

ಆ ಬೆಳಿಗ್ಗೆಯೂ ದೇವಾನಂದ ಕಂಪ್ಯೂಟರ್ ಮುಂದೆ ಕೂತು, ಮರೆತವನ ಹಾಗೆ ತಲೆ ಕೆರೆದುಕೊಂಡ.

"ಶರಣಮ್ಮ, ನಿನ್ನ ಒಡಪಿನ ಕಡೀ ಸಾಲ ಏನ?"

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿಮಗ ಗೊತ್ತದ. ನನ್ನ ಬಾಯಿಂದ ಹೆಸರ ಹೇಳಸಬೇಕಂತ ಆಟ ಹೂಡೀರಿ."

"ಮದುವ್ಯಾಗ ಹೇಳ್ದಾಕಿ, ಈಗ ಹೇಳಿದ್ರ ನಾಲಿಗಿ ಸವೀತದೇನ?"

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. ಅವನು ನಕ್ಕು ಕೀಬೋರ್ಡಿನಲ್ಲಿ ತಾನೇ ಒತ್ತಿದ.

ಶಿವಾಜಿನಗರದ ಆ ಎರಡು ಖೋಲಿಯ ಮನೆಯಿಂದಲೇ ದೇವಾನಂದ ಮತ್ತು ಅವನ ಪಾಲುದಾರ ಬಾಳು ಕ್ಯಾಂಪ್ ಪೇಟೆಯ ಅಂಗಡಿಗಳ ಪರವಾಗಿ ಗಿರಾಕಿಗಳಿಗೆ ಬಿಲ್ಲು, ಮೆಸೇಜು ಕಳಿಸುತ್ತಿದ್ದರು. ಬರೆಯುವ ಕೆಲಸವೆಲ್ಲ ಎಐ ಏಜೆಂಟ್ ಎಂಬ ಪ್ರೋಗ್ರಾಮಿನದು. ಆದರೆ ಮೆಸೇಜು ಹೋಗಲು ಎಪಿಐ ಕೀ ಬೇಕು. ಕಳಿಸುವವರು ನಾವೇ ಎಂದು ತೋರಿಸುವ ಗುಟ್ಟಿನ ಅಕ್ಷರಗಳು ಅವು. ಹಿಂದಿನ ವರ್ಷ ಬಾಳು ಅದನ್ನು ಏಜೆಂಟಿನ ಮುಂದೆ ಹಾಗೆಯೇ ಸುರಿದಿದ್ದ. ಏಜೆಂಟ್ ಅದನ್ನು ತನ್ನ ಬರಹಕ್ಕೆ ಸೇರಿಸಿ, ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವ ಕಡೆ ಇಟ್ಟಿತು. ಕಳ್ಳರು ಅಂಗಡಿಗಳ ಹೆಸರಲ್ಲಿ ಗಿರಾಕಿಗಳಿಗೆ ಮೋಸದ ಮೆಸೇಜು ಕಳಿಸಿದರು. ಬಾಳು ಫೋನ್ ಆಫ್ ಮಾಡಿ ಮಲಗಿದ. ಅಂಗಡಿ ಅಂಗಡಿಗೆ ಹೋಗಿ ಬೈಸಿಕೊಂಡು ಬಂದವನು ದೇವಾನಂದ.

ಆಮೇಲೆ ಅವನು ಕೀಗಳನ್ನೆಲ್ಲ ಇದೇ ಕಂಪ್ಯೂಟರಿನೊಳಗೆ, ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿದ ತಿಜೋರಿಯಲ್ಲಿಟ್ಟ. ಏಜೆಂಟ್ ಕಳಿಸು ಎಂದರೆ ತಿಜೋರಿಯೇ ಕೀ ಹಚ್ಚಿ ಕಳಿಸುತ್ತದೆ. ಏಜೆಂಟಿಗೆ ಕೀ ಕಾಣುವುದಿಲ್ಲ. ಬೆಳಿಗ್ಗೆ ಒಮ್ಮೆ ಪಾಸ್‌ವರ್ಡ್ ಹಾಕಿ ತೆರೆಯಬೇಕು. ಮದುವೆಯಲ್ಲಿ ಹೆಂಗಸರು ಬಾಗಿಲಲ್ಲಿ ತಡೆದಾಗ ಶರಣಮ್ಮ ಗಂಡನ ಹೆಸರನ್ನು ಪ್ರಾಸದ ಸಾಲುಗಳಲ್ಲಿ ಸೇರಿಸಿ ಹೇಳಿದ ಒಡಪೇ ಆ ಪಾಸ್‌ವರ್ಡ್. ಕಟ್ಟಿದವಳು ಅವಳೇ. ಕೇಳಿದವರು ಊಟದ ಹೊತ್ತಿಗೇ ಮರೆತಿದ್ದರು. ಅವನು ಮರೆತಿರಲಿಲ್ಲ.

ಅಂದು ಮಧ್ಯಾಹ್ನ ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ನಿಂತ ಕ್ಯಾಬಿನೊಳಗೆ ಅವನ ಎದೆ ನಿಂತುಹೋಯಿತು. ಆಸ್ಪತ್ರೆಯ ಬೋರ್ಡು ಕಾಣುತ್ತಿತ್ತಂತೆ.

ಕರ್ಮ ಮುಗಿಯಿತು. ಬಂದವರು ಚಹಾ ಕುಡಿದು ಹೋದರು. ಬಾಳು ಉಳಿದ.

"ವೈನಿ, ದೇವಾನ ಪಾಸ್‌ವರ್ಡ್ ಗೊತ್ತದೇನ್ರಿ? ಅಂಗಡಿಯವ್ರು ತಲಿ ತಿನ್ಲಾಕತ್ತಾರ."

"ಗೊತ್ತದ."

"ಹೇಳ್ರಿ ಮತ್ತ. ಫೈಲ್‌ದಾಗ ಬರದಿಡ್ತೀನಿ. ದಿನಾ ತೆಗಿಯೋ ತ್ರಾಸೇ ಇರಂಗಿಲ್ಲ."

"ಆ ಫೈಲ್ ಏಜೆಂಟ್ ಓದಂಗಿಲ್ಲೇನ?"

"ಓದ್ಲಿ ಬಿಡ್ರಿ. ಅದಕ್ಕೇನ ಬಾಯಿ ಅದ?"

"ಬಾಯಿ ಅದ ಅಂತ ಹೋದ ವರ್ಷನೇ ಗೊತ್ತಾಯ್ತಲ್ಲ. ಬೈಸ್ಕೊಂಡವ್ರು ನೀವಲ್ಲ."

ತಿಜೋರಿ ಮುಚ್ಚಿಯೇ ಇರಲಿ, ಬಾಳು ಮುಳುಗಿಹೋಗಲಿ ಎಂದು ಶರಣಮ್ಮನಿಗೆ ಅನಿಸದೆ ಇರಲಿಲ್ಲ. ಆದರೆ ಕೆಲಸ ನಿಂತರೆ ಅಂಗಡಿಯವರು ಬಯ್ಯುವುದು ಮತ್ತೆ ಸತ್ತವನನ್ನೇ.

"ನಾನೇ ತೆಗೀತೀನಿ," ಎಂದಳು.

"ನೀವಾ? ನೀವು ಸಾಲಿ ಕಲ್ತಿದ್ದು ನಾಕನೇತ್ತಾ ತನಕ ಅಷ್ಟ."

"ಅದು ಕನ್ನಡದಾಗ ಅದ. ನಾಕನೇತ್ತಾ ಸಾಕ."

ಹೋದ ತಿಂಗಳು ಬಾಳುವಿನ ಮನೆಯಲ್ಲಿ ತೊಟ್ಟಿಲ ಕಾರ್ಯ. ಅವನ ಹೆಂಡತಿ ಸುಲಭಾ ಹೆಂಗಸರನ್ನೆಲ್ಲ ಸಾಲಾಗಿ ಕೂಡಿಸಿ ಒಡಪು ಹೇಳಿಸಿದಳು. ಶರಣಮ್ಮನ ಹತ್ತಿರ ಬಂದಾಗ ಕುಂಕುಮದ ತಟ್ಟೆ ಮುಂದಕ್ಕೆ ಹೋಯಿತು. "ಆಕೀದ ಬಿಡ್ರಿ," ಎಂದರು ಯಾರೋ. ಬಾಗಿಲಲ್ಲಿದ್ದ ಬಾಳು ಕೇಳಿಸಿಕೊಂಡ. ಮರುದಿನದ ಅವನ ಅನ್ನ ಅವಳ ಒಡಪಿನಲ್ಲಿತ್ತು. ಆದರೂ ಬೆನ್ನು ತಿರುಗಿಸಿ ಹೊರಗೆ ಹೋದ.

ಈಗಲೂ ಬೆಳಿಗ್ಗೆ, ಒಲೆ ಹಚ್ಚುವ ಮೊದಲು ಅವಳು ಬಾಗಿಲಿಗೆ ಅಗಳಿ ಹಾಕುತ್ತಾಳೆ. ಬಾಳು ಬಂದಿದ್ದರೆ ಹೊರಗೆ ಮೆಟ್ಟಿಲ ಮೇಲೆ ಕೂತಿರಬೇಕು. ದೇವಾನಂದ ಕೀಬೋರ್ಡಿಗೆ ಅಂಟಿಸಿಹೋದ ಕನ್ನಡ ಅಕ್ಷರಗಳನ್ನು ಒಂದೇ ಬೆರಳಲ್ಲಿ ಹುಡುಕಿ ಒತ್ತುತ್ತಾಳೆ. ಪರದೆಯ ಮೇಲೆ ಬರೀ ಚುಕ್ಕೆಗಳು ಬೀಳುತ್ತವೆ. ಕಡೆಯ ಸಾಲಿಗೆ ಬಂದಾಗ, ಮದುವೆಯಾದ ಮೇಲೆ ಅವನಿದ್ದಾಗ ಒಮ್ಮೆಯೂ ಹೇಳದ ಹೆಸರನ್ನು ತುಟಿಯೊಳಗೆ ಹೇಳಿಕೊಂಡು ಒತ್ತುತ್ತಾಳೆ. ತಿಜೋರಿ ತೆರೆಯುತ್ತದೆ. ಅಗಳಿ ತೆಗೆದು ಒಲೆ ಹಚ್ಚುತ್ತಾಳೆ.